ಮೊದಲ ಆಲ್ಬಂ ಇಲ್ಲದ ಗಾಯಕ

ಪಾಪ್ ಸಂಗೀತದ ಬಗ್ಗೆ ಬರೆಯುವವರಿಗೆ ಅಚ್ಚುಮೆಚ್ಚಾದ ಒಂದು ಪ್ರಬಂಧದ ಮಾದರಿ ಇದೆ. ಎಂಬತ್ತರ ದಶಕದ ಕೊನೆಗೆ ಬಂದು, ಈಗ ಯಾರೂ ಹೆಸರೆತ್ತದ ಒಬ್ಬ ಗಾಯಕ ಅಥವಾ ಗಾಯಕಿ. ಅವರ ಮೊದಲ ಆಲ್ಬಂ. ಅದರ ಹೊದಿಕೆಯ ಮೇಲಿನ ಚಿತ್ರ. ಎರಡನೇ ಬದಿಯಲ್ಲಿ ಎಲ್ಲರೂ ಮರೆತ ಮೂರನೇ ಹಾಡು. ಜಗತ್ತು ಗಮನಿಸಲಿಲ್ಲ, ನಾನು ಗಮನಿಸಿದೆ ಎನ್ನುವ ಸಣ್ಣ ಹೆಮ್ಮೆ ಇಂಥ ಬರಹಗಳ ಒಳಗಿರುತ್ತದೆ. ಓದಲು ಹಿತವಾಗಿರುತ್ತವೆ, ನಾನೂ ಹುಡುಕಿ ಓದುತ್ತೇನೆ. ಆದರೆ ಉಡುಪಿಯ ಸುತ್ತಮುತ್ತ ಕುಳಿತು ಅಂಥದ್ದೊಂದನ್ನು ಬರೆಯಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಗುತ್ತದೆ. ಇಲ್ಲಿ ಎಂಬತ್ತರ ಕೊನೆಯ ಪಾಪ್ ಗಾಯಕ ಯಾರು?

ಪಾಪ್ ಎಂದರೆ ಗಿಟಾರು, ಡ್ರಮ್ಮು ಎಂದಲ್ಲದೆ, ಹರೆಯದವರು ಹುಚ್ಚು ಹಿಡಿದಂತೆ ಕೇಳುವ, ಸೈಕಲ್ಲಿನಲ್ಲಿ ಹೋಗುವಾಗ ಗುನುಗುವ, ಗಾಯಕನ ಹೆಸರಿಗೇ ಜನ ಸೇರುವ, ಹಿರಿಯರು ಕೇಳಿ ಮುಖ ಸಿಂಡರಿಸುವ ಹಾಡು ಎಂದು ಇಟ್ಟುಕೊಂಡರೆ ಉತ್ತರ ಕಷ್ಟವಿಲ್ಲ. ಅವರು ಬಡಗುತಿಟ್ಟು ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಸಾಲಿಗ್ರಾಮದ ಪಕ್ಕದ ಗುಂಡ್ಮಿಯಲ್ಲಿ ಹುಟ್ಟಿದರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿದರು. ಸಾಲಿಗ್ರಾಮ ಮೇಳದ ಭಾಗವತರಾಗಿ ಹೆಸರಿನ ತುತ್ತತುದಿಯಲ್ಲಿದ್ದಾಗಲೇ, 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಹೋಗಿ ಏಳೆಂಟು ವರ್ಷದ ಮೇಲೆ ಹುಟ್ಟಿದ ನನ್ನಂಥವರಿಗೂ ಅವರ ದನಿ ಪರಿಚಿತ. ಹೀಗೆ ಪರಿಚಯ ಮಾಡಿಸಿದ್ದು ರಂಗಸ್ಥಳವಲ್ಲ, ಕ್ಯಾಸೆಟ್.

'ಕಡೆಗಣಿಸಲ್ಪಟ್ಟ' ಎಂಬ ವಿಶೇಷಣ ಅವರಿಗೆ ಹೊಂದುತ್ತದೆಯೇ ಎಂದು ಕೋಟದ ಕಡೆಯವರು ಕೇಳಬಹುದು. ಕರಾವಳಿಯಲ್ಲಿ ಅವರನ್ನು ಯಾರೂ ಮರೆತಿಲ್ಲ; 'ರಸರಾಗ ಚಕ್ರವರ್ತಿ' ಎಂದೇ ಕರೆಯುತ್ತಾರೆ. ಆದರೆ ಕನ್ನಡ ಹಾಡಿಕೆಯ ಬಗ್ಗೆ ನಾವು ತರಗತಿಗಳಲ್ಲಿ ಓದುವ, ವಿಶೇಷಾಂಕಗಳಲ್ಲಿ ಬರೆಯುವ ಕಥೆಯನ್ನು ನೋಡಿ. ಅದು ಪಿ. ಕಾಳಿಂಗರಾಯರಿಂದ (1914–1981) ಶುರುವಾಗುತ್ತದೆ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರಲ್ಲಿ ಕ್ಯಾಸೆಟ್ಟಾಗಿ ಬಂದ ನಿಸಾರ್ ಅಹಮದರ 'ನಿತ್ಯೋತ್ಸವ'ಕ್ಕೆ ಬರುತ್ತದೆ. ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣರ ಭಾವಗೀತೆಗಳನ್ನು ದಾಟಿ, ಒಂದು ಕವಲು ಹಂಸಲೇಖರ 1987ರ 'ಪ್ರೇಮಲೋಕ'ದ ಕಡೆಗೆ ಹೊರಳುತ್ತದೆ. ಈ ಕಥೆಯಲ್ಲಿ ಒಬ್ಬ ಕಾಳಿಂಗರು ಒಳಗಿದ್ದಾರೆ, ಇನ್ನೊಬ್ಬ ಕಾಳಿಂಗರು ಇಲ್ಲ. ಬ್ರಹ್ಮಾವರದ ಹತ್ತಿರದ ಆರೂರಿನಿಂದ ಗುಂಡ್ಮಿಗೆ ಹೆಚ್ಚು ದೂರವಿಲ್ಲ. ಹಾಡಿಕೆಯ ಚರಿತ್ರೆಯಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ಲೋಕದಲ್ಲಿವೆ. ಒಬ್ಬರದು ಸುಗಮ ಸಂಗೀತ, ಇನ್ನೊಬ್ಬರದು ಜಾನಪದ ರಂಗಭೂಮಿ ಎಂದು ನಾವು ಕಪಾಟು ಬೇರೆ ಮಾಡಿಟ್ಟಿದ್ದೇವೆ.

ಕಪಾಟಿನ ಹಿಂದೆ ಇನ್ನೊಂದು ಕಾರಣವೂ ಇದೆ. ನಮ್ಮ ವಿಮರ್ಶೆಗೆ ಹಿಡಿದು ನೋಡಲು ಒಂದು 'ಕೃತಿ' ಬೇಕು. ಕವಿಗೆ ಮೊದಲ ಸಂಕಲನ, ಕಾದಂಬರಿಕಾರರಿಗೆ ಮೊದಲ ಕಾದಂಬರಿ, ಗಾಯಕರಿಗೆ ಮೊದಲ ಆಲ್ಬಂ. ನಾವಡರ ಮೊದಲ ಆಲ್ಬಂ ಯಾವುದು? ಅಂಗಡಿಯಲ್ಲಿ ಮಾರಾಟವಾದ ಯಕ್ಷಗಾನ ಕ್ಯಾಸೆಟ್ಟುಗಳು ಇದ್ದವು, ನಿಜ. ಆದರೆ ನಾನು ಕಂಡ ಮನೆಗಳಲ್ಲಿ ಅವರ ದನಿ ಉಳಿದಿರುವುದು ಆಟಕ್ಕೆ ಹೋದವರು ಕೈಯಾರೆ ಧ್ವನಿಮುದ್ರಿಸಿಕೊಂಡು ತಂದ ಟೇಪುಗಳಲ್ಲಿ. ಹಾಗಾಗಿ ಪ್ರತಿ ಮನೆಗೂ ಒಂದೊಂದು ಮೊದಲ ಆಲ್ಬಂ ಇದೆ. ಅಂಥ ಎರಡನ್ನು ಇಟ್ಟುಕೊಂಡು ನಾನು ಈ ಬರಹ ಬರೆಯುತ್ತಿದ್ದೇನೆ. ಒಂದು ಕಾಪುವಿನಲ್ಲಿರುವ ನನ್ನ ಸೋದರಮಾವನದು, ಇನ್ನೊಂದು ಕಾರ್ಕಳದ ದೊಡ್ಡಮ್ಮನ ಮನೆಯದು.

ಎರಡೂ ಊರು ಉಡುಪಿಗೆ ದಕ್ಷಿಣದವು ಎಂಬುದನ್ನು ಗಮನಿಸಬೇಕು. ಉಡುಪಿಯಿಂದ ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು ಎನ್ನುವುದು ತಿಟ್ಟುಗಳ ಸ್ಥೂಲ ಲೆಕ್ಕ. ಕಾಪು, ಕಾರ್ಕಳದ ಗದ್ದೆಗಳಲ್ಲಿ ಹೆಚ್ಚಾಗಿ ನಡೆಯುವುದು ತೆಂಕಿನ ಮೇಳಗಳ ಆಟ. ಅಲ್ಲಿಯ ಮನೆಗಳಲ್ಲಿ ಬಡಗಿನ ಭಾಗವತರೊಬ್ಬರ ಟೇಪು ಹತ್ತಿರದವರ ಮದುವೆಯ ಫೋಟೊದಂತೆ ಜೋಪಾನವಾಗಿ ಉಳಿದಿದೆ ಎನ್ನುವುದೇ ಒಂದು ಸಂಗತಿ. ಮೇಳ ತಿರುಗಾಟದ ದಾರಿ ಹಿಡಿದು ಹೋಗುತ್ತದೆ, ಅದಕ್ಕೆ ಗಡಿ ಇದೆ. ಕ್ಯಾಸೆಟ್ಟಿಗೆ ಇರಲಿಲ್ಲ. ಅದು ಮುಂಬಯಿಯ ಹೋಟೆಲುಗಳ ಹಿಂಬದಿಯ ಕೋಣೆಗೂ ಹೋಯಿತು, ಗಲ್ಫಿಗೂ ಹೋಯಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಹೊರತಂದ ಆ ಪುಟ್ಟ ಪೆಟ್ಟಿಗೆ ಭಾರತದಲ್ಲಿ ದೊಡ್ಡ ಕಂಪೆನಿಗಳ ಹಿಡಿತದಿಂದ ಹಾಡನ್ನು ಹೇಗೆ ಬಿಡಿಸಿತು ಎಂದು ಪೀಟರ್ ಮ್ಯಾನುಯೆಲ್ ತಮ್ಮ 'ಕ್ಯಾಸೆಟ್ ಕಲ್ಚರ್' (1993) ಪುಸ್ತಕದಲ್ಲಿ ವಿವರಿಸಿದ್ದಾರೆ. ಅವರ ಲಕ್ಷ್ಯ ಉತ್ತರ ಭಾರತದ ಮೇಲೆ. ನಮ್ಮ ಕರಾವಳಿಯ ಅಧ್ಯಾಯವನ್ನು ನಾವೇ ಬರೆದುಕೊಳ್ಳಬೇಕು.

ಮೊದಲು ಕಾಪುವಿನ ಟೇಪು. ತೊಂಬತ್ತು ನಿಮಿಷದ್ದು, ಬದಿಗೆ ನಲವತ್ತೈದು. ಚೀಟಿಯಲ್ಲಿ ಪ್ರಸಂಗದ ಹೆಸರಿಲ್ಲ. ಬಾಲ್‌ಪೆನ್ನಿನಲ್ಲಿ 'ನಾವಡ – 2' ಎಂದಷ್ಟೇ ಇದೆ. ವೇಷಧಾರಿಗಳ ಹೆಸರಿಲ್ಲ, ಮೇಳದ ಹೆಸರಿಲ್ಲ, ದಿನಾಂಕವೂ ಇಲ್ಲ. ಹಾಕಿ ಕೇಳಿದರೆ ಒಂದರ ಹಿಂದೆ ಒಂದು ಪದ್ಯ. ಪದ್ಯ ಮುಗಿದು ವೇಷಧಾರಿ ಅರ್ಥ ಹೇಳಲು ಬಾಯಿ ತೆರೆಯುತ್ತಾರೆ, ಎರಡು ಶಬ್ದ ಬರುತ್ತದೆ, 'ಟಕ್' ಎಂದು ಸದ್ದಾಗುತ್ತದೆ, ಮತ್ತೆ ಮುಂದಿನ ಪದ್ಯ. ರಾತ್ರಿಯಿಡೀ ನಡೆದ ಆಟ ಒಂದೂವರೆ ಗಂಟೆಯ ಹಾಡಿನ ಸರಮಾಲೆಯಾಗಿದೆ. ಯಾಕೆ ಹೀಗೆ ಮಾಡಿದಿರಿ ಎಂದು ಮಾವನನ್ನು ಕೇಳಿದೆ. "ಅರ್ಥ ಅಲ್ಲಿಯೇ ಕೇಳಿ ಆಗಿತ್ತಲ್ಲ. ಮನೆಗೆ ಬೇಕಾದ್ದು ಪದ್ಯ ಮಾತ್ರ. ಕ್ಯಾಸೆಟ್ಟಿಗೆ ದುಡ್ಡು ಯಾರು ಕೊಡುದು?" ಎಂದರು.

ಮಾವ ದುಡ್ಡಿನ ಲೆಕ್ಕ ಹೇಳಿದರು. ಆದರೆ ಅವರು ಮಾಡಿದ್ದು ಸಂಪಾದನೆಯ ಕೆಲಸ. ಯಾವುದು ಉಳಿಯಬೇಕು, ಯಾವುದು ಬಿಡಬಹುದು ಎಂದು ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ತೀರ್ಮಾನಿಸಿದವರು ಅವರು. ಪಾಪ್ ಲೋಕದಲ್ಲಿ ಈ ಕೆಲಸ ಮಾಡುವವರನ್ನು ನಿರ್ಮಾಪಕ ಎನ್ನುತ್ತಾರೆ. ಕಾಪುವಿನ ಈ ಆಲ್ಬಂಗೆ ನನ್ನ ಮಾವನೇ ನಿರ್ಮಾಪಕರು.

ಆಲ್ಬಂ ಆಗಿ ಕೇಳಿದರೆ ಅದು ಅದ್ಭುತವಾಗಿದೆ. ದನಿ ಏರು ಶ್ರುತಿಯಲ್ಲಿದ್ದೂ ಕೀರಲಾಗುವುದಿಲ್ಲ. ಕಂಚಿನ ಕಂಠ ಎಂದು ಜನ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಕರುಣದ ಪದ್ಯಗಳಲ್ಲಿ ಚೆಂಡೆ ಸುಮ್ಮನಾಗಿ ಮದ್ದಲೆ ಮಾತ್ರ ಜೊತೆಗಿರುವಾಗ, ಸಾಲಿನ ಕೊನೆಯ ಸ್ವರವನ್ನು ಅವರು ಎಳೆಯುವ ರೀತಿಯಲ್ಲಿ ಒಂದು ವಿಶೇಷವಿದೆ. ಎಳೆತ ಎಷ್ಟೇ ಉದ್ದವಾದರೂ ಶಬ್ದ ಒಡೆಯುವುದಿಲ್ಲ, ಯಾವ ಅಕ್ಷರವನ್ನು ಎಳೆಯುತ್ತಿದ್ದಾರೆ ಎನ್ನುವುದು ಕೇಳುವವನಿಗೆ ತಿಳಿಯುತ್ತಿರುತ್ತದೆ. ಷಟ್ಪದಿಯ ಗಣಗಳನ್ನು ತರಗತಿಯಲ್ಲಿ ಗೆರೆ ಎಳೆದು ಕಲಿತವರು ಈ ಟೇಪನ್ನು ಒಮ್ಮೆ ಕೇಳಬೇಕು. ಭಾಮಿನಿಯ ಮೂರು-ನಾಲ್ಕರ ನಡೆ ಪುಸ್ತಕದ ಗೆರೆಗಳಲ್ಲಿ ಇಲ್ಲದ ಹಾಗೆ ಇಲ್ಲಿ ಉಸಿರಾಡುತ್ತದೆ. ಕೆಲವು ಕಡೆ ರಾಗ ಸುಗಮ ಸಂಗೀತದ ಓಣಿಗೆ ಹೊಕ್ಕು ಬರುತ್ತದೆ. ಬಡಗಿಗೆ ಹೊಸ ರಾಗಗಳನ್ನು ತಂದರು ಎಂದು ಅವರನ್ನು ಹೊಗಳಿದವರೂ ತೆಗಳಿದವರೂ ಹೇಳಿದ್ದು ಇದನ್ನೇ ಇರಬೇಕು.

ಇಷ್ಟನ್ನೇ ಕೇಳಿದ್ದರೆ ನಾನೂ ಎಲ್ಲರ ಹಾಗೆ 'ಇಂಥ ಕಂಠ ಮತ್ತೆ ಬರಲಿಲ್ಲ' ಎಂದು ಬರೆದು ಮುಗಿಸಬಹುದಿತ್ತು. ಕಾರ್ಕಳದ ಟೇಪು ಹಾಗೆ ಮುಗಿಸಲು ಬಿಡುವುದಿಲ್ಲ.

ದೊಡ್ಡಮ್ಮನಿಗೆ ಅರ್ಥಗಾರಿಕೆಯ ಮೇಲೆ ಪ್ರೀತಿ. ಆ ಮನೆಯ ಟೇಪುಗಳಲ್ಲಿ ಯಾರೂ ಗುಂಡಿ ಒತ್ತಿಲ್ಲ. ಟೇಪು ಮುಗಿಯುವವರೆಗೆ ಬಿಟ್ಟುಬಿಟ್ಟಿದ್ದಾರೆ. ಆದ್ದರಿಂದ ಒಂದೂವರೆ ಗಂಟೆಯಲ್ಲಿ ಕಥೆ ಹೆಚ್ಚು ಮುಂದೆ ಹೋಗುವುದಿಲ್ಲ, ಪದ್ಯಗಳೂ ಕಡಿಮೆ. ಅದೃಷ್ಟಕ್ಕೆ ಎರಡು ಟೇಪಿನಲ್ಲೂ ಒಂದೇ ಸನ್ನಿವೇಶ ಸಿಕ್ಕಿದೆ, ಬೇರೆ ಬೇರೆ ರಾತ್ರಿಯದು. ಮಗ ತಾಯಿಯ ಮಾತು ಮೀರಿ ಹೊರಡುತ್ತಾನೆ. ಕಾಪುವಿನ ಟೇಪಿನಲ್ಲಿ ಇಲ್ಲಿಯ ಎರಡು ಪದ್ಯಗಳ ನಡುವೆ ಒಂದು 'ಟಕ್' ಇದೆ, ಎರಡನೆಯದು ಥಟ್ಟನೆ ಮೇಲಿನ ಷಡ್ಜದಲ್ಲಿ ಎದ್ದುಬಿಡುತ್ತದೆ. ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಗಾಯಕ ತನ್ನ ಸಾಮರ್ಥ್ಯ ತೋರಿಸುತ್ತಿದ್ದಾನೆ ಎಂದೇ ಅನಿಸುತ್ತದೆ.

ಕಾರ್ಕಳದ ಟೇಪಿನಲ್ಲಿ ಅದೇ ಎರಡು ಪದ್ಯಗಳ ನಡುವೆ ತಾಯಿಯ ವೇಷದವರ ದೀರ್ಘ ಮಾತಿದೆ. ಬೈಗುಳದಿಂದ ಶುರುವಾಗಿ, ಬೇಡಿಕೆಯಾಗಿ, ಕೊನೆಗೆ ಬಹುತೇಕ ಪಿಸುಮಾತಾಗುತ್ತದೆ. ಸಭೆಯಲ್ಲಿ ಕೆಮ್ಮು ಕೂಡ ಕೇಳುವುದಿಲ್ಲ. ಭಾಗವತರು ತಕ್ಷಣ ಎತ್ತಿಕೊಳ್ಳುವುದಿಲ್ಲ. ತಾಳದ ಒಂದು ಸಣ್ಣ ಸದ್ದು, ಮತ್ತೆ ಮೌನ. ಆಮೇಲೆ ಎರಡನೇ ಪದ್ಯ ಬರುತ್ತದೆ, ಮೇಲಿನ ಷಡ್ಜದಲ್ಲಲ್ಲ. ತಾಯಿಯ ಮಾತು ನಿಂತ ಹತ್ತಿರದಲ್ಲೇ, ತಗ್ಗಿನಲ್ಲಿ. ಆಲಾಪನೆಯೂ ಇಲ್ಲ. ಒಂದೇ ಸಲ ಹಾಡಿ ಬಿಟ್ಟುಕೊಡುತ್ತಾರೆ.

ಅಂದರೆ ಪದ್ಯ ಎಲ್ಲಿಂದ ಶುರುವಾಗಬೇಕು ಎನ್ನುವುದನ್ನು ಆ ರಾತ್ರಿ ತೀರ್ಮಾನಿಸಿದ್ದು ವೇಷಧಾರಿಯ ಮಾತು. ಕಾಪುವಿನ ಟೇಪಿನ ರಾತ್ರಿ ತಾಯಿ ಬಹುಶಃ ಕೂಗಿ ನಿಲ್ಲಿಸಿರಬೇಕು. ಹಾಡು ಆ ಕೂಗನ್ನು ಹಿಡಿದುಕೊಂಡು ಎದ್ದಿರಬೇಕು. ಆ ಕೂಗು ನಮ್ಮ ಟೇಪಿನಲ್ಲಿ ಇಲ್ಲ. ಉತ್ತರ ಉಳಿದಿದೆ, ಪ್ರಶ್ನೆಯನ್ನು ಗುಂಡಿ ಒತ್ತಿ ತೆಗೆಯಲಾಗಿದೆ. ಯಕ್ಷಗಾನದಲ್ಲಿ ಭಾಗವತರನ್ನು 'ಮೊದಲನೇ ವೇಷ' ಎಂದು ಕರೆಯುವುದು ಸುಮ್ಮನೆ ಅಲ್ಲ. ಲಿಖಿತ ಪ್ರಸಂಗದಲ್ಲಿ ಇರುವುದು ಪದ್ಯಗಳು ಮಾತ್ರ, ಮಾತು ಆ ಹೊತ್ತಿಗೆ ಹುಟ್ಟುವಂಥದ್ದು. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು, ಯಾರ ಮಾತು ಜಾಸ್ತಿಯಾಯಿತು, ಯಾರಿಗೆ ಇನ್ನೊಂದು ಅವಕಾಶ ಕೊಡಬೇಕು ಎಂದು ಇಡೀ ರಾತ್ರಿಯನ್ನು ನಡೆಸುವವರು ಭಾಗವತರು. ಕಾರ್ಕಳದ ಟೇಪಿನಲ್ಲಿ ಕೇಳುವುದು ಈ ನಿರ್ದೇಶಕನನ್ನು. ಕಾಪುವಿನ ಟೇಪಿನಲ್ಲಿ ಕೇಳುವುದು ಗಾಯಕನನ್ನು. ಇಬ್ಬರೂ ಒಬ್ಬರೇ.

ನಾನು ಹೇಳಬೇಕಾದ್ದು ಇಷ್ಟೇ: ನಾವಡರನ್ನು 'ಗಾಯಕ'ನನ್ನಾಗಿ ಮಾಡಿದ್ದರಲ್ಲಿ ಟೇಪಿನದೂ ದೊಡ್ಡ ಪಾಲಿದೆ. ಈಗ ನಾವು ಹಂಬಲಿಸುತ್ತಿರುವುದು ಬಹುಮಟ್ಟಿಗೆ ಆ ಗಾಯಕನಿಗಾಗಿ, ಎಂದರೆ ಟೇಪು ನಮಗಾಗಿ ಕತ್ತರಿಸಿ ಕೊಟ್ಟ ಅರ್ಧಕ್ಕಾಗಿ.

ಇದನ್ನು ಒಪ್ಪಿಕೊಂಡರೆ ಹಳೆಯ ಜಗಳವೊಂದರ ಸ್ವರೂಪ ಬದಲಾಗುತ್ತದೆ. ಭಾಗವತಿಕೆ ಸಂಗೀತ ಕಛೇರಿಯಾಯಿತು, ಚಪ್ಪಾಳೆಗಾಗಿ ಆಲಾಪನೆ ಉದ್ದವಾಯಿತು, ವೇಷಧಾರಿ ನಿಂತು ಕಾಯಬೇಕಾಯಿತು ಎಂಬ ದೂರು ಯಕ್ಷಗಾನದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೂರಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ನಾವಡರ ನಂತರ ಬಂದ ಎಷ್ಟೋ ಹಾಡಿಕೆಯಲ್ಲಿ ಪದ್ಯ ಮುಗಿದರೂ ರಾಗ ಮುಗಿಯದ ಅವಸ್ಥೆಯನ್ನು ನಾನೇ ರಂಗಸ್ಥಳದೆದುರು ಕುಳಿತು ಅನುಭವಿಸಿದ್ದೇನೆ. ಆದರೆ ಹೀಗೆ ಹಾಡಿದವರಲ್ಲಿ ಕೆಲವರಾದರೂ ನಾವಡರನ್ನು ಕಲಿತದ್ದು ಕಾಪುವಿನ ಟೇಪಿನಂಥ ಟೇಪುಗಳಿಂದ ಇದ್ದೀತು. ಕೂಗಿಲ್ಲದ ಉತ್ತರವನ್ನು ಅನುಕರಿಸಿದರೆ ಬರೀ ಷಡ್ಜ ಕೈಗೆ ಸಿಗುತ್ತದೆ. ಇದರ ಹೊಣೆಯನ್ನು ಪೂರ್ತಿಯಾಗಿ ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ.

ಶುದ್ಧತೆಯ ವಾದವೂ ಅಷ್ಟು ಸರಳವಲ್ಲ. ಯಕ್ಷಗಾನದ ಹಳೆಯ ಚೆಲುವು ಕೆಡಬಾರದೆಂದು ಜೀವನವಿಡೀ ದುಡಿದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಾರಂತರು ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್ ತಂದರು; ಮಾತನ್ನೂ ಕೈಬಿಟ್ಟರು. ಡೇರೆಯೊಳಗೆ ಟಿಕೆಟು ಕೊಂಡು ಕುಳಿತವರಿಗಾಗಿ ಒಬ್ಬರು ರಾಗ ಬದಲಿಸಿದರೆ ಅದು ಕೆಡುವುದು, ವಿದ್ವಾಂಸರೊಬ್ಬರು ವಾದ್ಯವನ್ನೇ ಬದಲಿಸಿದರೆ ಅದು ಪ್ರಯೋಗ. ಕಲೆಯ ಬಗೆಗಿನ ನಮ್ಮ ತೀರ್ಪುಗಳಲ್ಲಿ ಯಾರು ಮಾಡಿದರು ಎನ್ನುವುದು ಏನು ಮಾಡಿದರು ಎನ್ನುವುದಕ್ಕಿಂತ ಮೊದಲೇ ಬಂದು ಕುಳಿತಿರುತ್ತದೆ.

ನಾವಡರು ಹಾಡಿದವರು ಮಾತ್ರವಲ್ಲ, ಬರೆದವರೂ ಹೌದು. ಅವರ 'ನಾಗಶ್ರೀ' ಪ್ರಸಂಗವನ್ನು ಇವತ್ತಿಗೂ ಆಡುತ್ತಾರೆ, ಜನ ಸೇರುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಎಷ್ಟು ಮಂದಿ ಓದಿದ್ದೇವೆ? ಇಲ್ಲಿಯೂ ಒಂದು ಹಳೆಯ ಅಭ್ಯಾಸ ಕೆಲಸ ಮಾಡುತ್ತಿದೆ. ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ (1870–1901) 'ಶ್ರೀರಾಮಾಶ್ವಮೇಧ' ಬರೆದ ಕವಿ ಎಂದು ನಮಗೆಲ್ಲ ಗೊತ್ತು. ಮುದ್ದಣ-ಮನೋರಮೆಯರ ಸಲ್ಲಾಪದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ. ಅದೇ ಮುದ್ದಣ 'ರತ್ನಾವತೀ ಕಲ್ಯಾಣ', 'ಕುಮಾರ ವಿಜಯ' ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ಬರೆದದ್ದು ಟಿಪ್ಪಣಿಯಲ್ಲಿ ಒಂದು ಸಾಲಾಗಿ ಮುಗಿಯುತ್ತದೆ. ಪ್ರಸಂಗ ಎಂದರೆ ಹಾಡುವುದಕ್ಕೆ ಇರುವುದು, ಓದುವುದಕ್ಕೆ ಅಲ್ಲ ಎನ್ನುವುದು ನಮ್ಮ ಸಮಜಾಯಿಷಿ. ಹಾಗಾದರೆ ಹಾಡಿದ್ದನ್ನಾದರೂ ಕೇಳುತ್ತೇವೆಯೇ ಎಂದರೆ, ಅದು ಸಂಗೀತದವರ ಕೆಲಸ ಎನ್ನುತ್ತೇವೆ. ಸಂಗೀತ ವಿಭಾಗದ ಬಾಗಿಲು ತಟ್ಟಿದರೆ ಅವರು ನಾಟಕದ ಕಡೆ ಕೈ ತೋರಿಸುತ್ತಾರೆ.

ನನ್ನ ಸಲಹೆ ಹಳೆಯದೇ ಒಂದು ವಿದ್ಯೆಯ ಕಡೆಗೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' ನಮಗೆ ಒಂದು ಶಿಸ್ತು ಕಲಿಸಿದೆ. ಓಲೆಗರಿಯ ಪ್ರತಿ ಎಲ್ಲಿ ಸಿಕ್ಕಿತು, ಯಾರು ಎತ್ತಿ ಬರೆದರು, ಲಿಪಿಕಾರ ಏನನ್ನು ಬಿಟ್ಟ, ಏನನ್ನು ಸೇರಿಸಿದ, ಎರಡು ಪ್ರತಿಗಳ ನಡುವಿನ ಪಾಠಾಂತರ ಏನು ಎಂದು ಕೇಳುವ ಶಿಸ್ತು. ಪಂಪನನ್ನೂ ಕುಮಾರವ್ಯಾಸನನ್ನೂ ನಮಗೆ ತಲುಪಿಸಿದ್ದು ಈ ಪ್ರಶ್ನೆಗಳೇ. ಮನೆಮನೆಯ ಟೇಪುಗಳಿಗೂ ಇವೇ ಪ್ರಶ್ನೆಗಳನ್ನು ಕೇಳಬಹುದು. ಕಾಪುವಿನದು ಒಂದು ಪ್ರತಿ, ಕಾರ್ಕಳದ್ದು ಇನ್ನೊಂದು. ಮಾವ ಒಬ್ಬ ಲಿಪಿಕಾರ, ದೊಡ್ಡಮ್ಮ ಇನ್ನೊಬ್ಬಳು. ಒಂದೇ ಪದ್ಯ ತಗ್ಗಿನಲ್ಲಿ ಶುರುವಾಗುವುದೂ ಮೇಲಿನ ಷಡ್ಜದಲ್ಲಿ ಶುರುವಾಗುವುದೂ ಪಾಠಾಂತರವೇ. ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಇದೆ, ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ, ಮಣಿಪಾಲದಲ್ಲಿ ನನ್ನಂಥ ಸಂಶೋಧನಾರ್ಥಿಗಳು ವಿಷಯ ಹುಡುಕುತ್ತ ಅಲೆಯುತ್ತಿದ್ದೇವೆ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಪ್ರತಿಗಳಿರುವ ಕೃತಿ ಬೇರೆ ಯಾವುದಿದೆ?

ತಡಮಾಡುವ ಹಾಗಿಲ್ಲ. ನಮ್ಮ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ. ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಟ್ಟುತ್ತದೆ. ತೆಳ್ಳಗಿನ ತೊಂಬತ್ತರ ಟೇಪು ಹಳೆಯ ಯಂತ್ರದಲ್ಲಿ ಸಿಕ್ಕಿಕೊಂಡರೆ ಎಳೆದು ಉದ್ದವಾಗಿಬಿಡುತ್ತದೆ. ಕಂಪ್ಯೂಟರಿಗೆ ಇಳಿಸಲು ಅಡ್ಡದಾರಿಯೂ ಇಲ್ಲ, ತೊಂಬತ್ತು ನಿಮಿಷದ ಟೇಪಿಗೆ ತೊಂಬತ್ತು ನಿಮಿಷವೇ ಬೇಕು. ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿರುವ ಅಭಿಮಾನಿಗಳು ಅಲ್ಲಲ್ಲಿ ಇದ್ದಾರೆ, ಅವರಿಂದಾಗಿಯೇ ನನ್ನ ತಲೆಮಾರಿಗೆ ಇಷ್ಟಾದರೂ ಸಿಕ್ಕಿದೆ. ಅವರಲ್ಲಿ ಒಂದು ವಿನಂತಿ ಮಾತ್ರ. ಈಗಿನ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವುದು ಸುಲಭ. ಪದ್ಯ ಚೆನ್ನಾಗಿ ಕೇಳಲೆಂದು ಸಭೆಯ ಗುಸುಗುಸು, ಕಡಲೆ ಮಾರುವವನ ಕೂಗು, ಅರ್ಧಕ್ಕೆ ನಿಂತ ಅರ್ಥದ ಆ ಎರಡು ಶಬ್ದ, ಅದರ ಹಿಂದಿನ 'ಟಕ್', ಎಲ್ಲವನ್ನೂ ಒರೆಸಿ ಹಾಕಿದ ಪ್ರತಿಗಳನ್ನು ನಾನು ಕೇಳಿದ್ದೇನೆ. ಅವುಗಳಲ್ಲಿ ದನಿ ತುಂಬ ಸ್ವಚ್ಛವಾಗಿದೆ. ಆದರೆ ಇಲ್ಲೊಬ್ಬರು ಮಾತಾಡುತ್ತಿದ್ದರು, ಅವರಿಗೆ ಉತ್ತರವಾಗಿ ಈ ಹಾಡು ಬಂತು ಎಂದು ಹೇಳುವ ಗುರುತು ಆ ಟಕ್ ಒಂದೇ. ದಯವಿಟ್ಟು ಅದನ್ನು ಅಳಿಸಬೇಡಿ.